ಪಶ್ಚಿಮ ಘಟ್ಟದ ಘಾಟಿಗಳಲ್ಲಿ ರೋಡ್ ಸೈಕ್ಲಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ದೇವಿಮನೆಯಿಂದ ಮಡಿಕೇರಿಯ ಸಂಪಾಜೆವರೆಗೆ ಕರಾವಳಿ ಮತ್ತು ಮಲೆನಾಡನ್ನು ಸೇರಿಸುವ ಡಾಂಬರು, ಕಾಂಕ್ರೀಟ್ ರಸ್ತೆಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಘಾಟಿಯನ್ನು ಅದರ ಎತ್ತರ ನೋಡಿ ಆರಿಸುವವರೇ ಹೆಚ್ಚು. ನೋಡಬೇಕಾದದ್ದು ಅಲ್ಲಿ ಓಡಾಡುವ ವಾಹನಗಳನ್ನು, ನೀವು ಅಲ್ಲಿರುವ ಹೊತ್ತನ್ನು ಮತ್ತು ನಿಮ್ಮ ಬ್ರೇಕನ್ನು.

## ಮೊದಲ ಸಲ ಹೊರಡುವವರಿಗೆ

ಬೆಂಗಳೂರಲ್ಲಿ ದಿನಾ 30 ಕಿ.ಮೀ. ತುಳಿಯುತ್ತೇನೆ. ಆಗುಂಬೆ ಹತ್ತಲು ನನ್ನಿಂದ ಆಗುತ್ತಾ?

ಗೇರ್ ಸರಿಯಿದ್ದರೆ ಖಂಡಿತ ಆಗುತ್ತದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಸೋಮೇಶ್ವರದಿಂದ ಅಲ್ಲಿಗೆ ಹತ್ತಿರಹತ್ತಿರ 10 ಕಿ.ಮೀ. ದಾರಿಯಿದ್ದು, ಮೊದಲ ಕೆಲವು ಕಿಲೋಮೀಟರ್ ಕಾಡಿನೊಳಗಿನ ಸಣ್ಣ ಏರಿಳಿತ ಅಷ್ಟೆ. ನಿಜವಾದ ಏರು ಕೊನೆಯ ಸುಮಾರು 7 ಕಿ.ಮೀ.ನಲ್ಲಿದೆ. ಅಲ್ಲಿ ಸರಾಸರಿ ಶೇ. 7ರ ಆಸುಪಾಸು ಏರುತ್ತದೆ, 14 ಹೇರ್‌ಪಿನ್ ತಿರುವುಗಳು ಸಿಗುತ್ತವೆ.

ನಂದಿ ಬೆಟ್ಟದ ರಸ್ತೆಯ ಉದ್ದ, ಏರು ಎರಡೂ ಹೆಚ್ಚುಕಡಿಮೆ ಇದೇ ಅಳತೆಯವು, ಹಾಗಾಗಿ ನಿಮ್ಮನ್ನು ನೀವು ಪರೀಕ್ಷಿಸಿಕೊಳ್ಳಲು ಅದೇ ಸಾಕು. ನಂದಿಯನ್ನು ನಿಲ್ಲದೆ ಹತ್ತಿದವರು ಆಗುಂಬೆಯನ್ನೂ ಹತ್ತುತ್ತಾರೆ. ವ್ಯತ್ಯಾಸ ಇರುವುದು ಗಾಳಿಯಲ್ಲಿ. ಬೆಂಗಳೂರಿನ ಬೆಳಗಿನ ಒಣ ತಂಪಲ್ಲಿ ಬೆವರು ಮೈಮೇಲೆ ನಿಲ್ಲುವುದಿಲ್ಲ. ಸೋಮೇಶ್ವರದಲ್ಲಿ ಅದು ಆರದೆ ಸುರಿಯುತ್ತದೆ, ಆರದ ಬೆವರು ಮೈಯನ್ನು ತಣಿಸುವುದೂ ಇಲ್ಲ. ನಂದಿಯಲ್ಲಿ ತೆಗೆದುಕೊಂಡ ಸಮಯಕ್ಕೆ ಕಾಲು ಪಾಲು ಸೇರಿಸಿಕೊಂಡು ಹೊರಡಿ.

ಮೊದಲ ಘಾಟಿ ಯಾವುದಾದರೆ ಒಳ್ಳೆಯದು?

ಆಗುಂಬೆಯೇ, ಅದೂ ವಾರದ ನಡುವಿನ ದಿನ. ಕಡಿದಾಗಿದ್ದರೂ ಚಿಕ್ಕದು. ತಿರುವುಗಳು ಇಕ್ಕಟ್ಟಾಗಿರುವುದರಿಂದ ಭಾರೀ ಲಾರಿಗಳ ಕಾಟವಿಲ್ಲ, ಬಸ್ಸುಗಳೂ ಹೆಚ್ಚಾಗಿ ಮಿನಿ ಬಸ್ಸುಗಳು. ಶನಿವಾರ, ಭಾನುವಾರ ಸಂಜೆ ಸೂರ್ಯಾಸ್ತ ನೋಡಲು ಬರುವ ಕಾರುಗಳು ಘಾಟಿಯ ತುದಿಯನ್ನು ತುಂಬಿಬಿಡುತ್ತವೆ. ಆ ಹೊತ್ತಿಗೆ ಅಲ್ಲಿರಬೇಡಿ.

ಸಂಪಾಜೆಯಿಂದ ಮಡಿಕೇರಿಗೆ ಸುಮಾರು 27 ಕಿ.ಮೀ.ನಲ್ಲಿ ಸಾವಿರ ಮೀಟರ್‌ನಷ್ಟು ಏರಬೇಕು. ಸರಾಸರಿ ಶೇ. 4 ಕೂಡ ಬಾರದು, ಒಂದೇ ಲಯದಲ್ಲಿ ತುಳಿಯಬಹುದು. ಆದರೆ ಅದು ರಾಷ್ಟ್ರೀಯ ಹೆದ್ದಾರಿ 275, ವಾಹನ ಹೆಚ್ಚು. ಕುಮಟಾ–ಶಿರಸಿ ನಡುವಿನ ದೇವಿಮನೆ ಘಾಟಿ ಇನ್ನೂ ಸೌಮ್ಯ, ನೆರಳೂ ಚೆನ್ನಾಗಿದೆ. ಅಲ್ಲಿ ಅಗಲೀಕರಣ ಕಾಮಗಾರಿಯ ಸ್ಥಿತಿ ವಿಚಾರಿಸಿಯೇ ಹೋಗಿ, ಜಲ್ಲಿ ಹಾಸಿದ ಇಳಿಜಾರಿನಲ್ಲಿ ರೋಡ್ ಬೈಕ್ ನಿಲ್ಲುವುದಿಲ್ಲ.

ಬೆಂಗಳೂರಿಂದ ಮಂಗಳೂರಿಗೆ ಶಿರಾಡಿ ನೇರ ದಾರಿ ತಾನೆ, ಅದರಲ್ಲೇ ಹೋಗಬಹುದಾ?

ಬೇಡ. ಬಂದರಿನ ಸರಕು, ಟ್ಯಾಂಕರ್, ರಾತ್ರಿ ಬಸ್ಸು ಎಲ್ಲವೂ ಆ ದಾರಿಯಲ್ಲೇ ಇಳಿಯುತ್ತವೆ. ಇಳಿಜಾರಿನಲ್ಲಿ ಒಂದು ಟ್ಯಾಂಕರಿನ ಹಿಂದೆ ಇನ್ನೊಂದು ಅಂಟಿಕೊಂಡು ಬರುವಾಗ ಸೈಕಲ್ಲಿಗೆ ಉಳಿಯುವುದು ಚರಂಡಿಯ ಅಂಚು ಮಾತ್ರ. ಸಕಲೇಶಪುರದಿಂದ ಬಿಸಿಲೆ ಮೂಲಕ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯಿರಿ. ದೂರ ಹೆಚ್ಚಾದರೂ ವಾಹನ ವಿರಳ. ಕುಮಾರಪರ್ವತದ ಸಾಲನ್ನು ಎದುರಿಗೇ ತೋರಿಸುವ ವೀಕ್ಷಣಾ ತಾಣ ದಾರಿಯಲ್ಲೇ ಸಿಗುತ್ತದೆ. ಅದು ಆನೆಗಳ ಕಾಡು, ಬೆಳಿಗ್ಗೆ ಏಳಕ್ಕೆ ಮೊದಲು ಮತ್ತು ಸಂಜೆ ಐದರ ನಂತರ ಆ ಭಾಗದಲ್ಲಿರಬಾರದು.

ಯಾವ ತಿಂಗಳು?

ನವೆಂಬರ್‌ನಿಂದ ಫೆಬ್ರವರಿ. ಅಕ್ಟೋಬರ್‌ನಲ್ಲಿ ಹಸಿರು ತುಂಬಿರುತ್ತದೆ, ಆದರೆ ಹಿಂಗಾರಿನ ಗುಡುಗು ಮಳೆ ಮಧ್ಯಾಹ್ನ ಮೂರರ ಹೊತ್ತಿಗೆ ಬರುತ್ತದೆ. ಎರಡು ಗಂಟೆಯೊಳಗೆ ಊರು ಸೇರುವಂತೆ ಲೆಕ್ಕ ಹಾಕಿದರೆ ಆ ತಿಂಗಳೂ ಸೊಗಸೇ. ಮಾರ್ಚ್ ಕೊನೆಯಿಂದ ಘಟ್ಟದ ಕೆಳಗಿನ ಸೆಕೆ ಯಾರಿಗೂ ಹಿತವಲ್ಲ.

ಬೆಳಿಗ್ಗೆ ಘಟ್ಟ ಇಳಿದು ಸಂಜೆ ಹತ್ತುವುದೋ, ಹತ್ತಿ ಆಮೇಲೆ ಇಳಿಯುವುದೋ?

ಬೆಳಿಗ್ಗೆ ಕೆಳಗಿನಿಂದ ಹತ್ತಿ. ನಮ್ಮ ಘಾಟಿಗಳೆಲ್ಲ ಪಡುವಣಕ್ಕೆ ಮುಖ ಮಾಡಿವೆ. ಚಳಿಗಾಲದಲ್ಲಿ ಬೆಟ್ಟದ ನೆರಳೇ ಒಂಬತ್ತರ ಸುಮಾರಿನವರೆಗೆ ರಸ್ತೆಯನ್ನು ಕಾಯುತ್ತದೆ. ಅದೇ ರಸ್ತೆ ಮಧ್ಯಾಹ್ನ ಎರಡರ ಬಳಿಕ ನೇರ ಬಿಸಿಲಿಗೆ ಬೀಳುತ್ತದೆ. ಬೆಳಗಿನ ಜಾವ ಮೇಲಿನಿಂದ ಇಳಿದರೆ ಮಂಜು, ಇಬ್ಬನಿಗೆ ಒದ್ದೆಯಾದ ಡಾಂಬರು, ಮರಗಟ್ಟಿದ ಬೆರಳು ಮೂರೂ ಒಟ್ಟಿಗೆ ಎದುರಾಗುತ್ತವೆ.

ಇಳಿಯಲು ಹೇಳಿಮಾಡಿಸಿದ ಹೊತ್ತು ಹನ್ನೊಂದರಿಂದ ಮೂರು. ನಾಲ್ಕರ ನಂತರ ಇಳಿಯುವವರ ಕಣ್ಣಿಗೆ ಪಡುವಣದ ಸೂರ್ಯ ನೇರ ಹೊಡೆಯುತ್ತಾನೆ. ಮರದ ನೆರಳು–ಬಿಸಿಲಿನ ಪಟ್ಟೆಗಳ ನಡುವೆ ಹೊಂಡ ಕಾಣುವುದೇ ಇಲ್ಲ.

## ದಾರಿಗಳು

ಎರಡು ದಿನಕ್ಕೆ ಒಂದು ಒಳ್ಳೆಯ ಸುತ್ತು ಹೇಳಿ.

ಉಡುಪಿ – ಹೆಬ್ರಿ – ಸೋಮೇಶ್ವರ – ಆಗುಂಬೆ – ಶೃಂಗೇರಿ, ಅಲ್ಲಿ ರಾತ್ರಿ. ಮರುದಿನ ಶೃಂಗೇರಿ – ನೆಮ್ಮಾರು – ಕೆರೆಕಟ್ಟೆ – ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) – ಮಾಳ – ಬಜಗೋಳಿ – ಕಾರ್ಕಳ – ಉಡುಪಿ. ಒಟ್ಟು ಸುಮಾರು 190 ಕಿ.ಮೀ. ಮೊದಲ ದಿನ 80ರ ಸುಮಾರು, ಅಷ್ಟರಲ್ಲೇ ದೊಡ್ಡ ಏರು ಮುಗಿಯುತ್ತದೆ. ಎರಡನೇ ದಿನ ಉದ್ದ ಹೆಚ್ಚು, ಆದರೆ ಎಸ್.ಕೆ. ಬಾರ್ಡರ್ ದಾಟಿದ ಮೇಲೆ ಇಳಿಜಾರು.

ಈ ಸುತ್ತನ್ನು ತಿರುಗಿಸಿ ಮಾಡಬೇಡಿ. ಆಗುಂಬೆಯ ತಿರುವುಗಳು ಹತ್ತಲು ಚೆಂದ, ಇಳಿಯಲು ಕಷ್ಟ. ಮಾಳದ ಕಡೆಯ ತಿರುವುಗಳು ಅಷ್ಟು ಇಕ್ಕಟ್ಟಲ್ಲ, ಮುಂದಿನದು ದೂರದಿಂದಲೇ ಕಾಣುತ್ತದೆ. ನೆಮ್ಮಾರು ದಾಟಿದ ಮೇಲೆ ಬಜಗೋಳಿವರೆಗೆ ಅಂಗಡಿಯನ್ನು ನಂಬಿ ಹೋಗಬಾರದು. ಶೃಂಗೇರಿ ಬಿಡುವಾಗಲೇ ಎರಡು ಬಾಟಲಿ ನೀರು, ಎರಡು ಗಂಟೆಗೆ ಸಾಲುವ ತಿಂಡಿ ಜೇಬಿನಲ್ಲಿರಲಿ.

ಚಾರ್ಮಾಡಿ ಈಗ ಹೇಗಿದೆ?

2019ರ ಆಗಸ್ಟ್‌ನ ಭೂಕುಸಿತದಲ್ಲಿ ಈ ರಸ್ತೆ ಹಲವು ಕಡೆ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು. ಪ್ರತಿ ಮಳೆಗಾಲದಲ್ಲೂ ನಿರ್ಬಂಧ ಬರಬಹುದು, ಅದರ ಆದೇಶ ದಕ್ಷಿಣ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲಾಡಳಿತಗಳಿಂದ ಬರುತ್ತದೆ. ಒಣ ತಿಂಗಳಲ್ಲಿ ಇದು ಒಳ್ಳೆಯ ಏರು. ಚಾರ್ಮಾಡಿ ಊರಿನಿಂದ ಹೇರ್‌ಪಿನ್‌ಗಳು ಮುಗಿಯುವವರೆಗೆ ಕಡಿದು, ಆಮೇಲೆ ಕೊಟ್ಟಿಗೆಹಾರದವರೆಗೆ ಅಂಚಿನಲ್ಲಿ ಹಿತವಾಗಿ ಏರುತ್ತ ಹೋಗುತ್ತದೆ. ಕೊಟ್ಟಿಗೆಹಾರದ ನೀರುದೋಸೆ ಬಿಡಬೇಡಿ.

ಇದು ರಾಷ್ಟ್ರೀಯ ಹೆದ್ದಾರಿ 73. ಶಿರಾಡಿ ಮುಚ್ಚಿದ ದಿನ ಅಲ್ಲಿನ ವಾಹನಗಳೂ ಇಲ್ಲಿಗೇ ತಿರುಗುತ್ತವೆ. ಹೊರಡುವ ಹಿಂದಿನ ಸಂಜೆ ಶಿರಾಡಿ ತೆರೆದಿದೆಯೇ ಎಂದು ನೋಡಿಕೊಳ್ಳಿ.

ಕುದುರೆಮುಖದ ಚೆಕ್‌ಪೋಸ್ಟಿನಲ್ಲಿ ಸೈಕಲ್ ಬಿಡುತ್ತಾರಾ?

ಅದು ರಾಷ್ಟ್ರೀಯ ಉದ್ಯಾನದ ನಡುವಿನ ರಸ್ತೆ. ಒಳಹೋಗುವ ಸಮಯ ದಾಖಲಿಸುತ್ತಾರೆ, ದಾರಿಯಲ್ಲಿ ನಿಂತು ಕಾಲ ಕಳೆಯುವಂತಿಲ್ಲ. ಕಾರಿನ ವೇಗಕ್ಕೆ ನಿಗದಿಯಾದ ಸಮಯ ನಿಮಗೆ ಸಾಲುವುದಿಲ್ಲ. ಎಷ್ಟು ಹೊತ್ತು ಬೇಕೆಂದು ಗೇಟಿನಲ್ಲೇ ಸ್ಪಷ್ಟವಾಗಿ ಹೇಳಿ, ಗುರುತಿನ ಚೀಟಿ ತೋರಿಸಿ. ಬೆಳಿಗ್ಗೆ ಬೇಗ, ನಾಲ್ಕಾರು ಜನರ ಗುಂಪಾಗಿ ಹೋದರೆ ತಕರಾರು ಕಡಿಮೆ. ಐವತ್ತು ಜನರ ಸವಾರಿಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು.

ಮುಳ್ಳಯ್ಯನಗಿರಿ ರೋಡ್ ಬೈಕಿನಲ್ಲಿ ಸಾಧ್ಯವಾ?

ಸೀತಾಳಯ್ಯನಗಿರಿವರೆಗೆ ಸಾಧ್ಯ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ. ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಫಿ ತೋಟ ಮುಗಿದು ಬೋಳು ಹುಲ್ಲುಗಾವಲು ತೆರೆಯುತ್ತದೆ, ಅಡ್ಡಗಾಳಿ ಅಲ್ಲಿಂದಲೇ ಶುರು. ಸೀತಾಳಯ್ಯನಗಿರಿಯಿಂದ ಮುಂದಿನ ತುಂಡು ಒಂದೇ ಕಾರಿನಷ್ಟು ಅಗಲ, ಶೇ. 15 ಮೀರುವ ಜಾಗಗಳಿವೆ, ಎದುರಿಂದ ಜೀಪುಗಳು ಬರುತ್ತಿರುತ್ತವೆ. ಅಲ್ಲಿ ಇಳಿದು ತಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಪ್ರವಾಸಿ ವಾಹನಗಳ ಮಿತಿಯ ನಿಯಮ ಆಗಾಗ ಬದಲಾಗುವುದರಿಂದ ಹಿಂದಿನ ದಿನ ವಿಚಾರಿಸಿ.

ಮೈಸೂರಿಂದ ಊಟಿಗೆ ಬಂಡೀಪುರದ ಮೂಲಕ ಸೈಕಲ್ ತುಳಿಯಬಹುದಾ?

ಹುಲಿ, ಆನೆ ಇರುವ ಬಂಡೀಪುರ–ಮುದುಮಲೆ ಕಾಡಿನೊಳಗೆ ಸೈಕಲ್ ತುಳಿಯುವ ಯೋಚನೆಯೇ ಬೇಡ. ಗುಂಡ್ಲುಪೇಟೆಯಲ್ಲಿ ಸೈಕಲ್ಲನ್ನು ವಾಹನಕ್ಕೆ ಏರಿಸಿ, ಕಾಡು ದಾಟಿದ ಮೇಲೆ ಇಳಿಸಿಕೊಳ್ಳಿ. ನಾಗರಹೊಳೆಗೂ ಇದೇ ಮಾತು.

## ಸೈಕಲ್ಲಿನ ಸಿದ್ಧತೆ

ಯಾವ ಗೇರ್ ಇದ್ದರೆ ಸಾಕು?

ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲಿನ ಸಂಖ್ಯೆ ಹಿಂದಿನದಕ್ಕೆ ಸಮ ಇದ್ದರೆ, ಅಂದರೆ ಅನುಪಾತ 1 ಇದ್ದರೆ, ಮೇಲೆ ಹೇಳಿದ ಘಾಟಿಗಳೆಲ್ಲವೂ ಸಾಗುತ್ತವೆ. ಲೆಕ್ಕ ಹೀಗಿದೆ: ಸವಾರ, ಸೈಕಲ್, ನೀರು ಸೇರಿ 80 ಕೆ.ಜಿ., ಏರು ಶೇ. 8. ಮುಂದೆ 34, ಹಿಂದೆ 34 ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 7.5 ಕಿ.ಮೀ., ಬೇಕಾಗುವ ಶಕ್ತಿ ಸುಮಾರು 150 ವಾಟ್. ಹಳೆಯ ರೇಸ್ ಸೈಕಲ್ಲಿನ 39–25ರಲ್ಲಿ ಅದೇ 60 ಸುತ್ತಿಗೆ ವೇಗ 12ರ ಹತ್ತಿರ ಹೋಗುತ್ತದೆ, ಶಕ್ತಿ 235 ವಾಟ್ ಬೇಕು. ಅಷ್ಟು ಕೊಡಲಾಗದವರು ನಿಮಿಷಕ್ಕೆ 40 ಸುತ್ತಿಗೆ ಇಳಿಯುತ್ತಾರೆ, ಮಂಡಿ ನೋವು ಅಲ್ಲಿಂದ ಶುರುವಾಗುತ್ತದೆ.

ದುಬಾರಿ ಸೈಕಲ್ಲೇ ಬೇಕೆಂದಿಲ್ಲ. ಮುಂದೆ 28 ಹಲ್ಲಿನ ಚಿಕ್ಕ ಚೈನ್‌ರಿಂಗ್, ಹಿಂದೆ 28 ಇರುವ ಸಾಮಾನ್ಯ ಹೈಬ್ರಿಡ್‌ನಲ್ಲೂ ಅನುಪಾತ 1 ಸಿಗುತ್ತದೆ. ರೋಡ್ ಬೈಕಿಗೆ 34ರ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸುವಾಗ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್‌ನ ಪಂಜರ ಉದ್ದದ್ದೇ ಎಂದು ನೋಡಿ, ಚೈನನ್ನೂ ಹೊಸದಾಗಿ ಅಳೆದು ಹಾಕಿಸಿ. ಹಳೆಯ ಚಿಕ್ಕ ಚೈನ್ ಉಳಿಸಿಕೊಂಡು ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರ ಇರುವ ಗೇರಿಗೆ ಹೋದರೆ ಡಿರೇಲರ್ ಕಿತ್ತು ಬರುತ್ತದೆ.

ಟೈರ್ ಎಷ್ಟು ಅಗಲ, ಗಾಳಿ ಎಷ್ಟು?

28 ಮಿ.ಮೀ., ಫ್ರೇಮಿನಲ್ಲಿ ಜಾಗವಿದ್ದರೆ 32. ಎಪ್ಪತ್ತು ಕೆ.ಜಿ. ಸವಾರನಿಗೆ 28ರಲ್ಲಿ ಮುಂದೆ 70, ಹಿಂದೆ 75 ಪಿಎಸ್‌ಐ. 32ರಲ್ಲಿ 55–60 ಸಾಕು. ರಸ್ತೆ ಒದ್ದೆಯಿದ್ದರೆ ಐದು ಕಡಿಮೆ ಮಾಡಿ. ಟ್ಯೂಬ್‌ಲೆಸ್ ಬಳಸುವವರು ನಮ್ಮ ಸೆಕೆಗೆ ಸೀಲೆಂಟ್ (ತೂತು ಮುಚ್ಚುವ ದ್ರವ) ಎರಡು–ಮೂರು ತಿಂಗಳಲ್ಲೇ ಒಣಗುತ್ತದೆಂದು ನೆನಪಿಡಿ, ಆದರೂ ಒಂದು ಟ್ಯೂಬ್ ಜೊತೆಗಿರಲಿ.

ರಿಮ್ ಬ್ರೇಕ್ ಸಾಕಾ, ಡಿಸ್ಕೇ ಬೇಕಾ?

ಒಣ ತಿಂಗಳಲ್ಲಿ ಅಲ್ಯೂಮಿನಿಯಂ ರಿಮ್ ಜೊತೆ ಒಳ್ಳೆಯ ಪ್ಯಾಡ್ ಇದ್ದರೆ ರಿಮ್ ಬ್ರೇಕ್ ಸಾಕು. ಕಾರ್ಬನ್ ರಿಮ್ ಬ್ರೇಕ್ ಚಕ್ರಗಳನ್ನು ಘಾಟಿಗೆ ತರಬೇಡಿ. 80 ಕೆ.ಜಿ. ತೂಕ 540 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ 420 ಕಿಲೋಜೂಲ್ ದಾಟುತ್ತದೆ, ಒಂದೂಕಾಲು ಲೀಟರ್ ನೀರನ್ನು ಕುದಿಸಲು ಬೇಕಾದಷ್ಟು. ವೇಗವಾಗಿ ಇಳಿದರೆ ಅದರ ದೊಡ್ಡ ಪಾಲನ್ನು ಗಾಳಿ ಹೀರುತ್ತದೆ. ಹೆದರಿ ಉದ್ದಕ್ಕೂ ಬ್ರೇಕ್ ಒತ್ತಿಕೊಂಡು ಇಳಿದರೆ ಬಹುಪಾಲು ರಿಮ್ಮಿಗೇ ಹೋಗುತ್ತದೆ. ಟ್ಯೂಬ್ ಸಿಡಿಯುವುದು, ಹಳೆಯ ಪ್ಯಾಚ್ ಬಿಡುವುದು ಹೀಗೆಯೇ.

ಮಳೆಯಲ್ಲಿ ಡಿಸ್ಕ್ ಬ್ರೇಕೇ ಮೇಲು. ಅದರಲ್ಲೂ ರೆಸಿನ್ ಪ್ಯಾಡ್ ಒಂದೇ ಒದ್ದೆ ಸವಾರಿಯಲ್ಲಿ ಬೇಗ ಸವೆಯುತ್ತದೆ, ಮಳೆಗೆ ಮೆಟಲ್ ಪ್ಯಾಡ್ ಹಾಕಿ. ಪ್ಯಾಡಿನ ಮೇಲ್ಪದರ 1 ಮಿ.ಮೀ.ಗೆ ಬಂದಿದ್ದರೆ ಘಟ್ಟ ಇಳಿಯುವ ಮೊದಲೇ ಬದಲಾಯಿಸಿ, 0.5 ಆಗುವವರೆಗೆ ಕಾಯಬೇಡಿ. ರಿಮ್ ಬ್ರೇಕಿನ ರಬ್ಬರಿನಲ್ಲಿ ಹೊಳೆಯುವ ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡಿದ್ದರೆ ಸೂಜಿಯಿಂದ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಅದು ರಿಮ್ಮನ್ನೇ ಕೊರೆಯುತ್ತದೆ.

## ಏರುವಾಗ, ಇಳಿಯುವಾಗ

ಹೇರ್‌ಪಿನ್‌ನಲ್ಲೇ ಉಸಿರು ಕಟ್ಟುತ್ತದೆ. ಏನು ಮಾಡಲಿ?

ತಿರುವಿನ ಒಳ ಅಂಚು, ಹೊರ ಅಂಚು ಎರಡೂ ಏರುವ ಎತ್ತರ ಒಂದೇ, ಒಳ ಅಂಚಿನ ಉದ್ದ ಮಾತ್ರ ಕಡಿಮೆ. ಹಾಗಾಗಿ ಸರಾಸರಿ ಶೇ. 7 ಇರುವ ರಸ್ತೆಯ ಒಳ ಅಂಚು ಶೇ. 15 ದಾಟಬಹುದು. ನಾವು ಎಡಬದಿಯಲ್ಲಿ ಸಾಗುವವರು, ಆದ್ದರಿಂದ ಹತ್ತುವಾಗ ಎಡ ತಿರುವುಗಳು ಕಡಿದು, ಬಲ ತಿರುವುಗಳು ಹಗುರ. ಎಡ ತಿರುವಿಗೆ 20 ಮೀಟರ್ ಮೊದಲೇ ಎರಡು ಗೇರ್ ಇಳಿಸಿ. ಭಾರ ಬಿದ್ದ ಮೇಲೆ ಇಳಿಸಲು ಹೋದರೆ ಚೈನ್ ಕಳಚುತ್ತದೆ. ಎದುರು, ಹಿಂದೆ ಏನೂ ಇಲ್ಲದಿದ್ದರೆ ಮಾತ್ರ ರಸ್ತೆಯ ನಡುವಿಗೆ ಬಂದು ತಿರುಗಿ. ಬಲ ತಿರುವುಗಳಲ್ಲಿ ಉಸಿರು ತೆಗೆದುಕೊಳ್ಳಿ, ನೀರು ಕುಡಿಯಿರಿ.

ಬಸ್ಸು ಬಂದರೆ ತಿರುವಿನಲ್ಲಿ ಎಲ್ಲಿ ನಿಲ್ಲಬೇಕು?

ತಿರುವಿನೊಳಗೆ ನಿಲ್ಲಲೇಬಾರದು. ಹತ್ತುವ ಬಸ್ಸು ಎಡ ತಿರುವು ತೆಗೆದುಕೊಳ್ಳಲು ಎದುರು ಬದಿಯವರೆಗೂ ಹೋಗುತ್ತದೆ. ಅದೇ ತಿರುವು ಇಳಿಯುವ ನಿಮಗೆ ಬಲ ತಿರುವು, ಬಸ್ಸಿನ ಮೂತಿ ನಿಮ್ಮ ಬದಿಯಲ್ಲೇ ಪ್ರತ್ಯಕ್ಷವಾಗುತ್ತದೆ. ಹಾರ್ನ್ ಕೇಳಿದರೆ ತಿರುವಿಗೆ ಮೊದಲೇ ನಿಂತು ಬಿಟ್ಟುಕೊಡಿ. ಬೆಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಆದ್ಯತೆ ಎನ್ನುವುದು ಕಾನೂನು ಕೂಡ. ಹತ್ತುವಾಗ ಬಸ್ಸಿನ ಎಡಪಕ್ಕಕ್ಕೆ ನುಗ್ಗಬೇಡಿ. ಮುಂಗಾಲಿ ದಾಟಿದ ಮೇಲೆ ಹಿಂಗಾಲಿ ಒಳಗೆ ಕೊರೆದುಕೊಂಡು ಬರುತ್ತದೆ.

ಇಳಿಯುವಾಗ ಕೈ ಸೋಲುತ್ತದೆ, ಭಯವೂ ಆಗುತ್ತದೆ.

ಕೈಯನ್ನು ಹ್ಯಾಂಡಲ್‌ನ ಕೆಳ ಬಾಗಿಗೆ ತನ್ನಿ. ಅಲ್ಲಿಂದ ಬ್ರೇಕ್ ಲಿವರ್‌ಗೆ ಬಲ ಚೆನ್ನಾಗಿ ಸಿಗುತ್ತದೆ, ಎರಡು ಬೆರಳು ಸಾಕಾಗುತ್ತದೆ. ನೇರ ರಸ್ತೆಯಲ್ಲಿ ಬಿಡಿ, ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ತಿರುಗಿ. ಹೊರಗಿನ ಪೆಡಲ್ ಕೆಳಗಿರಲಿ, ನೋಟ ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲಿರಲಿ.

ನೆಲದ ಮೇಲೆ ಕಣ್ಣಿಡಬೇಕಾದವು: ತುಂಬಿದ ಟ್ಯಾಂಕಿನಿಂದ ತಿರುವಿನಲ್ಲಿ ಚೆಲ್ಲಿದ ಡೀಸೆಲ್, ನೆರಳಿನ ಅಂಚಿನ ಪಾಚಿ, ಕಾಂಕ್ರೀಟ್ ಹಾಸುಗಳ ಉದ್ದನೆಯ ಸಂದು, ಚೆಕ್‌ಪೋಸ್ಟಿನ ಮುಂದಿನ ಉಬ್ಬುಪಟ್ಟಿ, ಬಿಳಿ ಬಣ್ಣದ ಗೆರೆ. ಒದ್ದೆ ಡೀಸೆಲ್ ಕಾಮನಬಿಲ್ಲಿನ ಬಣ್ಣದಲ್ಲಿ ಕಾಣುತ್ತದೆ. ಒಣ ರಸ್ತೆಯಲ್ಲಿ ಅದು ಬರೀ ಕಪ್ಪು ಕಲೆ, ವಾಸನೆಯೇ ಮೊದಲ ಸುಳಿವು.

ಎಷ್ಟು ನೀರು, ಏನು ತಿನ್ನಬೇಕು?

ಘಟ್ಟದ ಕೆಳಗೆ ಗಂಟೆಗೆ 600–750 ಮಿ.ಲೀ., ಮೇಲೆ ಚಳಿಗಾಲದಲ್ಲಿ 400–500. ಒಂದು ಬಾಟಲಿ ಬರೀ ನೀರು, ಇನ್ನೊಂದು ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಬರುತ್ತದೆ. ಅದನ್ನು ನಿರ್ಜಲೀಕರಣವೆಂದು ತಿಳಿದು ಇನ್ನಷ್ಟು ನೀರು ಕುಡಿಯುವುದು ಅಪಾಯ.

ಗಂಟೆಗೆ 40–60 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಬಾಳೆಹಣ್ಣು ಸುಮಾರು 25 ಗ್ರಾಂ ಕೊಡುತ್ತದೆ. ಎಣ್ಣೆಯ ಗೋಳಿಬಜೆ, ಬನ್ಸ್ ಹತ್ತಿ ಮುಗಿದ ಮೇಲಿರಲಿ, ಹತ್ತುವ ಮೊದಲು ಹೊಟ್ಟೆಯಲ್ಲಿ ಅವು ಭಾರ.

## ಮುಂದಿನ ಹಂತದವರಿಗೆ

ಮಳೆಗಾಲದಲ್ಲಿ ಘಾಟಿ ಹತ್ತಲೇಬೇಕು ಅನಿಸುತ್ತದೆ. ಹೇಗೆ?

ಜುಲೈ, ಆಗಸ್ಟ್‌ನಲ್ಲಿ ಪಡುವಣ ಮೈಯ ಘಾಟಿಗಳಿಗೆ ಹೋಗಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಬಹುಪಾಲು ಜೂನ್–ಸೆಪ್ಟೆಂಬರ್‌ನಲ್ಲೇ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವಿನ ಜೋಡುಪಾಲದಲ್ಲಿ ಗುಡ್ಡವೇ ಕುಸಿದು ಬಂತು. ಮಳೆಯಲ್ಲಿ ತುಳಿಯುವ ಆಸೆಯಿದ್ದರೆ ಕೊಪ್ಪ, ಜಯಪುರ, ಬಾಳೆಹೊನ್ನೂರು, ನರಸಿಂಹರಾಜಪುರದ ತೋಟದ ರಸ್ತೆಗಳಿವೆ. ಅಲ್ಲಿ ಏರಿಳಿತ ಧಾರಾಳ, ಮಳೆ ಕಡಿಮೆ, ಅರ್ಧ ಗಂಟೆಗೊಂದು ಊರು.

ದಾರಿಯಲ್ಲಿ ದರೆಯಿಂದ ಕೆಂಪು ನೀರು ಹೊಸದಾಗಿ ಚಿಮ್ಮುತ್ತಿದ್ದರೆ, ಸಣ್ಣ ಕಲ್ಲು ಉರುಳುತ್ತಿದ್ದರೆ, ಮರ ರಸ್ತೆಯ ಕಡೆ ವಾಲಿದ್ದರೆ ತಕ್ಷಣ ಹಿಂದಿರುಗಿ, ಫೋಟೊಗೂ ನಿಲ್ಲಬೇಡಿ. ಇಂಬಳಕ್ಕೆ ಕಾಲುಚೀಲದ ಮೇಲೆ ಉಪ್ಪುನೀರು ಅಥವಾ ಡೆಟಾಲ್ ಹಚ್ಚಿಕೊಳ್ಳಿ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ.

ಸೈಕಲ್ಲನ್ನು ಬಸ್ಸು, ರೈಲಿನಲ್ಲಿ ಒಯ್ಯುವುದು ಹೇಗೆ?

ಸ್ಲೀಪರ್ ಬಸ್ಸಿನ ಡಿಕ್ಕಿಗೆ ಎರಡೂ ಚಕ್ರ ಕಳಚಿ, ಮುಂದಿನ ಫೋರ್ಕಿನ ನಡುವೆ ಮರದ ತುಂಡು ಸಿಕ್ಕಿಸಿ, ಡಿರೇಲರ್ ಇರುವ ಬದಿ ಮೇಲೆ ಬರುವಂತೆ ಮಲಗಿಸಿ. ಡಿಸ್ಕ್ ಪ್ಯಾಡ್‌ಗಳ ನಡುವೆ ರಟ್ಟು ಇಡದೆ ಲಿವರ್ ಒತ್ತಿದರೆ ಪ್ಯಾಡ್ ಕೂಡಿಕೊಂಡು ಚಕ್ರ ಒಳಗೆ ಹೋಗುವುದಿಲ್ಲ. ರೈಲಿನಲ್ಲಿ ಟಿಕೆಟ್ ತೋರಿಸಿ ಲಗೇಜ್ ಆಗಿ ಬುಕ್ ಮಾಡಿ. ಎರಡೇ ನಿಮಿಷ ನಿಲ್ಲುವ ನಿಲ್ದಾಣದಲ್ಲಿ ಇಳಿಸಲು ಆಗದೇ ಹೋಗಬಹುದು, ಉಡುಪಿ, ಮಂಗಳೂರಿನಂಥ ದೊಡ್ಡ ನಿಲ್ದಾಣವನ್ನೇ ಆರಿಸಿ. ಜಾಗ ತಲುಪಿದ ಮೇಲೆ ಮೊದಲು ನೋಡಬೇಕಾದದ್ದು ಡಿರೇಲರ್ ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಸಣ್ಣ ಲೋಹದ ತುಂಡು. ಅದು ಒಳಕ್ಕೆ ಬಾಗಿದ್ದರೆ ಅತಿ ಹಗುರ ಗೇರಿನಲ್ಲಿ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ ಚಕ್ರವೇ ಹೋಗುತ್ತದೆ. ನಿಮ್ಮ ಫ್ರೇಮಿನ ಅಳತೆಯ ಒಂದು ಹ್ಯಾಂಗರ್ ಚೀಲದಲ್ಲಿರಲಿ, ಹೆಬ್ರಿಯಲ್ಲಾಗಲಿ ಶೃಂಗೇರಿಯಲ್ಲಾಗಲಿ ಅದು ಸಿಗುವುದಿಲ್ಲ.

ಆ್ಯಪ್‌ನಲ್ಲಿ ಶೇ. 25ರ ಏರು ಅಂತ ತೋರಿಸುತ್ತದೆ. ನಿಜವಾ?

ಬಹುತೇಕ ಸುಳ್ಳು. ಉಪಗ್ರಹದ ಎತ್ತರದ ನಕ್ಷೆ 30 ಅಥವಾ 90 ಮೀಟರ್ ಚೌಕಗಳಲ್ಲಿದೆ. ಘಾಟಿ ರಸ್ತೆಯ ಒಂದು ಬದಿ ದರೆ, ಇನ್ನೊಂದು ಬದಿ ಕಂದಕ, ಮೇಲೆ ಮರದ ಚಪ್ಪರ. ಎಲ್ಲವೂ ಒಂದೇ ಚೌಕಕ್ಕೆ ಸೇರಿ ಎತ್ತರ ಗರಗಸದ ಹಾಗೆ ಏರಿಳಿಯುತ್ತದೆ, ಒಟ್ಟು ಏರಿಕೆಯೂ ಉಬ್ಬುತ್ತದೆ. ಒತ್ತಡ ಮಾಪಕವಿರುವ ಸೈಕಲ್ ಕಂಪ್ಯೂಟರಿನ ದಾಖಲೆ ಹೆಚ್ಚು ನಂಬಿಕೆಗೆ ಅರ್ಹ, ಗುಡುಗು ಮಳೆ ಬಂದ ದಿನ ಬಿಟ್ಟು. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಘಾಟಿಗಳ ನಡುವೆ ಸಿಗ್ನಲ್ ಸಿಗುವುದಿಲ್ಲ.

ಘಾಟಿಗಳಿರುವ 200 ಕಿ.ಮೀ. ಬ್ರೆವೆಗೆ ಸಮಯ ಹಂಚಿಕೊಳ್ಳುವುದು ಹೇಗೆ?

ಬ್ರೆವೆ ಎಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ. 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ ಸಿಗುತ್ತದೆ. ಸಮತಟ್ಟಿನಲ್ಲಿ ಇದು ಧಾರಾಳ, ಘಾಟಿಯಲ್ಲಿ ಅಲ್ಲ. ಏರನ್ನು ಕಿಲೋಮೀಟರಿನಲ್ಲಿ ಎಣಿಸದೆ ಗಂಟೆಗೆ ಎಷ್ಟು ಮೀಟರ್ ಎತ್ತರ ಏರುತ್ತೀರೆಂದು ಲೆಕ್ಕ ಹಾಕಿ. ಹೊಸಬರು ಗಂಟೆಗೆ 400, ಅಭ್ಯಾಸವಿದ್ದವರು 600, ಗಟ್ಟಿಗರು 800. ಗಂಟೆಗೆ 500 ಏರುವವರಿಗೆ 2,000 ಮೀಟರ್ ಏರಿಗೇ ನಾಲ್ಕು ಗಂಟೆ. ಇಳಿಜಾರಿನಲ್ಲಿ ಆ ಸಮಯ ಮರಳಿ ಸಿಗುತ್ತದೆಂದು ನಂಬಬೇಡಿ, ಆಗುಂಬೆಯಂಥ ಕಡೆ ಇಳಿಯುವ ವೇಗ ಗಂಟೆಗೆ 25 ದಾಟುವುದಿಲ್ಲ, ದಾಟಲೂಬಾರದು.

ಮೊದಲ ಏರಿನಲ್ಲಿ ಮಾತಾಡುತ್ತ ತುಳಿಯುವಷ್ಟೇ ಬಲ ಹಾಕಿ. ಒಳನಾಡಿನ ಒಣ ಹವೆಯಿಂದ ಬರುವವರು ಸಾಧ್ಯವಾದರೆ ಎರಡು ವಾರ ಮೊದಲಿನಿಂದ ಮಧ್ಯಾಹ್ನದ ಬಿಸಿಲಲ್ಲಿ ದಿನಕ್ಕೊಂದು ಗಂಟೆ ಹಗುರವಾಗಿ ತುಳಿಯಿರಿ. ದೇಹ ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಉಪ್ಪು ಹೋಗುವುದು ಕಡಿಮೆಯಾಗುತ್ತದೆ, ಕರಾವಳಿಯ ಸೆಕೆಯಲ್ಲಿ ಎದೆಬಡಿತ ಅಷ್ಟು ಏರುವುದಿಲ್ಲ. ಬಿಸಿಲಲ್ಲಿ ಬೆವರು ನಿಂತು ಚಳಿ ಬಂದಂತಾದರೆ ಅಲ್ಲೇ ನೆರಳಿಗೆ ಹೋಗಿ ತಲೆ, ಕುತ್ತಿಗೆ, ಕಂಕುಳಿಗೆ ನೀರು ಸುರಿದುಕೊಳ್ಳಿ. ಆ ದಿನದ ಸವಾರಿ ಅಲ್ಲಿಗೆ ಮುಗಿಯಿತು, ಮುಂದಿನ ದಾರಿ ಬಸ್ಸಿನಲ್ಲಿ. ಹತ್ತು ನಿಮಿಷದಲ್ಲಿ ಸುಧಾರಿಸದಿದ್ದರೆ, ಮಾತು ತೊದಲಿದರೆ, 108ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಬರುವ ಮೊದಲ ವಾಹನವನ್ನು ನಿಲ್ಲಿಸಿ.